ಸೌದೆ ಬಾಯ್ಲರ್ ನೀರು ಕಾಯುತ್ತಿಲ್ಲವೇ? ಶಾಖ ಎಲ್ಲಿ ತಡೆಯುತ್ತಿದೆ ಎಂದು ಹುಡುಕುವ ಕ್ರಮ

ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕೊಡಗಿನ ಬಹುಪಾಲು ಮನೆಗಳಲ್ಲಿ ಸೋಲಾರ್ ನೆಚ್ಚಿಕೊಂಡು ಕೂರುವಂತಿಲ್ಲ. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯಂತೂ ಬಿಸಿಲನ್ನೇ ನೋಡದ ದಿನಗಳು ಸಾಲುಸಾಲಾಗಿ ಬರುತ್ತವೆ. ಸ್ನಾನದ ನೀರಿಗೆ ಸೌದೆ ಬಾಯ್ಲರೇ ಗತಿ, ಹಳೆಯ ಮನೆಗಳಲ್ಲಿ ಬಚ್ಚಲು ಮನೆಯ ಹಂಡೆ. ದೂರುಗಳು ಬರುವುದೂ ಇದೇ ಕಾಲದಲ್ಲಿ: ‘ಮೊದಲಿನ ಹಾಗೆ ಕಾಯುವುದಿಲ್ಲ’, ‘ಎಷ್ಟು ಸೌದೆ ತುಂಬಿದರೂ ಸಾಲದು’, ‘ಎರಡು ಬಕೆಟ್ ಹಿಡಿಯುವಷ್ಟರಲ್ಲಿ ತಣ್ಣಗಾಗುತ್ತದೆ’, ‘ರಾತ್ರಿ ಕಾಯಿಸಿಟ್ಟದ್ದು ಬೆಳಿಗ್ಗೆಗೆ ಉಳಿಯುವುದಿಲ್ಲ’.

ಇವೆಲ್ಲ ಒಂದೇ ದೋಷದಂತೆ ಕೇಳಿಸುತ್ತವೆ, ಆದರೆ ಕಾರಣಗಳು ಬೇರೆ ಬೇರೆ. ಬೆಂಕಿಯಲ್ಲಿ ಶಾಖವೇ ಹುಟ್ಟದಿರುವುದು, ಹುಟ್ಟಿದ ಶಾಖ ನೀರಿಗೆ ದಾಟದಿರುವುದು, ದಾಟಿದ್ದು ನಲ್ಲಿಗೆ ತಲುಪದಿರುವುದು, ತಲುಪುವ ಮುಂಚೆ ಸೋರಿಹೋಗುವುದು. ಯಾವುದು ಎಂದು ತಿಳಿಯದೆ ಬಾಯ್ಲರ್ ಬದಲಾಯಿಸಿದರೆ ಹೊಸ ಬಾಯ್ಲರೂ ಅದೇ ಪಾಡು ಪಡುತ್ತದೆ. ಆದ್ದರಿಂದ ಕೈ ಹಾಕುವ ಮುಂಚೆ ಅಳೆಯಬೇಕು.

ಮೊದಲು ಅಳತೆ

ಬೇಕಾದ್ದು ಮೂರೇ: 100 ಡಿಗ್ರಿಗೆ ಮೇಲ್ಪಟ್ಟು ತೋರಿಸುವ ಥರ್ಮಾಮೀಟರ್ (ಅಡುಗೆಗೆ ಬಳಸುವ ಕಡ್ಡಿಯಂಥ ಡಿಜಿಟಲ್ ಪ್ರೋಬ್ ಸಾಕು, ಜ್ವರ ನೋಡುವುದು ಆಗದು), ತೂಕದ ಕಾಟಾ, ಗಡಿಯಾರ. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣತೆ 1 ಡಿಗ್ರಿ ಇಳಿಯುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿ ಸೆಲ್ಸಿಯಸ್ ಸುತ್ತ ಕುದಿಯುತ್ತದೆ, ಕುಶಾಲನಗರದಲ್ಲಿ 97ರ ಸುತ್ತ. ಅಲ್ಲಿ 100 ತೋರಿಸುವ ಥರ್ಮಾಮೀಟರೇ ತಪ್ಪು.

ಬಾಯ್ಲರ್ ಪೂರ್ತಿ ತುಂಬಿರುವಾಗ, ಹಿಂದಿನ ದಿನದ ಬಿಸಿ ಉಳಿದಿರದಾಗ, ನೀರಿನ ಉಷ್ಣತೆ ಬರೆದುಕೊಳ್ಳಿ. ಸೌದೆ ತೂಗಿ ಉರಿಸಿ. ಮೇಲಿನ ಹೊರದಾರಿಯಲ್ಲಿ ನೀರು 60 ಮುಟ್ಟಿದಾಗ ಎಷ್ಟು ಸೌದೆ ಹೋಯಿತು, ಎಷ್ಟು ಹೊತ್ತಾಯಿತು ನೋಡಿ. ಅಷ್ಟು ಹೊತ್ತು ಯಾರೂ ನಲ್ಲಿ ತಿರುಗಿಸಬಾರದು.

ಲೆಕ್ಕ ಹೀಗೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.18 ಕಿಲೋಜೂಲ್ ಬೇಕು. 100 ಲೀಟರನ್ನು 20ರಿಂದ 60ಕ್ಕೆ ಏರಿಸಲು 16.7 ಮೆಗಾಜೂಲ್. ಚೆನ್ನಾಗಿ ಒಣಗಿದ, ಅಂದರೆ ತೇವ ಶೇ. 20ರೊಳಗಿರುವ ಸೌದೆ ಕಿಲೋಗೆ ಸುಮಾರು 14 ಮೆಗಾಜೂಲ್ ಕೊಡುತ್ತದೆ. 4 ಕಿಲೋ ಸೌದೆಯಲ್ಲಿ ಕೆಲಸ ಮುಗಿದರೆ ಹುಟ್ಟಿದ 56 ಮೆಗಾಜೂಲ್‌ನಲ್ಲಿ ಶೇ. 30ರಷ್ಟು ನೀರಿಗೆ ಸೇರಿತು. ನಡುವೆ ಹೊಗೆ ಕೊಳವೆ ಹಾದುಹೋಗುವ ಲಂಬ ಬಾಯ್ಲರಿಗೆ ಇದು ಸರಿಯಾದ ಸ್ಥಿತಿ. 4ರಿಂದ 5 ಕಿಲೋ ಆದರೆ ಚಿಂತೆ ಬೇಡ. 7 ಕಿಲೋ ದಾಟಿದರೆ ದೋಷ ಖಂಡಿತ ಇದೆ. ಹಂಡೆಯ ಒಲೆಯಲ್ಲಿ ಜ್ವಾಲೆ ತಳಕ್ಕೆ ಮಾತ್ರ ತಗಲುವುದರಿಂದ 6–7 ಕಿಲೋ ಸಹಜ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಇಲ್ಲದ ದೋಷ ಹುಡುಕುತ್ತ ಕೂರಬೇಕಾಗುತ್ತದೆ. ಮಾರ್ಚ್‌ನಲ್ಲಿ ಟ್ಯಾಂಕಿನ ನೀರು 25 ಡಿಗ್ರಿ ಇದ್ದರೆ ಆಷಾಢದಲ್ಲಿ 18. ಏರಿಸಬೇಕಾದ್ದು 35 ಡಿಗ್ರಿಯ ಬದಲು 42, ಅಂದರೆ ಶೇ. 20ರಷ್ಟು ಹೆಚ್ಚು ಶಾಖ. ಜೊತೆಗೆ ಬೆರೆಸುವ ತಣ್ಣೀರೂ ತಂಪು. 60 ಡಿಗ್ರಿಯ 100 ಲೀಟರಿಗೆ ತಣ್ಣೀರು ಬೆರೆಸಿ 40ಕ್ಕೆ ಇಳಿಸಿದರೆ ಬೇಸಿಗೆಯಲ್ಲಿ ಒಟ್ಟು 233 ಲೀಟರ್ ಸಿಗುತ್ತದೆ, ಮಳೆಗಾಲದಲ್ಲಿ 191. ಎರಡು ಬಕೆಟ್ ಕಡಿಮೆ. ಹೋಂಸ್ಟೇ ನಡೆಸುವವರು ಈ ಲೆಕ್ಕ ನೋಡಿಯೇ ಬಾಯ್ಲರ್ ಗಾತ್ರ ತೀರ್ಮಾನಿಸಬೇಕು. ಕೊರತೆ ಇಷ್ಟೇ ಆಗಿದ್ದರೆ ಬಾಯ್ಲರ್ ಸರಿಯಾಗಿಯೇ ಇದೆ.

ತಗಡಿನ ಮೇಲೆ ತಪ್ಪು ಹೊರಿಸುವ ಮುಂಚೆ

‘ತಾಮ್ರದ್ದಾಗಿದ್ದರೆ ಕಾಯುತ್ತಿತ್ತು, ಇದು ಸ್ಟೀಲ್, ಅದಕ್ಕೇ ತಡ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ತಾಮ್ರದ ಶಾಖವಾಹಕತೆ ಮೀಟರ್-ಡಿಗ್ರಿಗೆ ಸುಮಾರು 390 ವ್ಯಾಟ್, ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 15. ಇಪ್ಪತ್ತೈದು ಪಟ್ಟು ವ್ಯತ್ಯಾಸ ನಿಜವೇ. ಆದರೂ ಆ ಮಾತು ಸರಿಯಲ್ಲ. ಬೆಂಕಿಯ ಶಾಖ ನೀರಿಗೆ ಸೇರುವ ಮುಂಚೆ ಒಂದಾದ ಮೇಲೊಂದು ಪದರ ದಾಟಬೇಕು: ಲೋಹಕ್ಕೆ ಅಂಟಿಕೊಂಡಂತೆ ನಿಧಾನವಾಗಿ ಸರಿಯುವ ಬಿಸಿ ಅನಿಲದ ಪದರ, ಅದರೊಳಗೆ ಮಸಿ, ಆಮೇಲೆ ಲೋಹ, ಒಳಗೆ ಪಾಚಿಯೋ ಕಿಟ್ಟವೋ ಕೆಸರೋ, ಕೊನೆಗೆ ನೀರಿನದೇ ಒಂದು ತೆಳು ಪದರ. ಒಂದರ ಹಿಂದೆ ಒಂದು ನಿಂತಾಗ ತಡೆಗಳು ಕೂಡುತ್ತವೆ, ಅತಿ ದೊಡ್ಡದು ಯಾವುದೋ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ.

1.2 ಮಿ.ಮೀ. ಸ್ಟೀಲ್ ತಗಡಿನ ತಡೆಯನ್ನು 1 ಎಂದಿಟ್ಟುಕೊಳ್ಳಿ. ಅಷ್ಟೇ ದಪ್ಪದ ತಾಮ್ರದ ತಡೆ 0.04. ನೀರಿನ ಕಡೆಯ ಪದರದ್ದು 15–20. ಹೊಗೆ ಕೊಳವೆಯೊಳಗಿನ ಅನಿಲ ಪದರದ್ದು 400ರ ಆಸುಪಾಸು. ಈ ಸಾಲಿನಲ್ಲಿ ಸ್ಟೀಲ್ ತೆಗೆದು ತಾಮ್ರ ಹಾಕಿದರೆ ಒಟ್ಟು ತಡೆಯಲ್ಲಿ ಶೇ. 1ರಷ್ಟೂ ಇಳಿಯುವುದಿಲ್ಲ. ಆದರೆ ಒಂದೇ ಮಿಲಿಮೀಟರ್ ಮಸಿಯ ತಡೆ 125ರ ಸುತ್ತ. ಮಸಿ ಅಷ್ಟು ಕೂತರೆ ನೀರಿಗೆ ಸೇರುವ ಶಾಖ ಕಾಲುಭಾಗದ ಹತ್ತಿರ ಕಡಿಮೆಯಾಗುತ್ತದೆ. 3 ಮಿ.ಮೀ. ಆದರೆ ಅರ್ಧದ ಹತ್ತಿರ ಬರುತ್ತದೆ. ಜ್ವಾಲೆಯ ನೇರ ಕಾವು ಬೀಳುವ ಒಲೆಯ ಮೇಲ್ಭಾಗದಲ್ಲಿ ಅನಿಲ ಪದರದ ತಡೆ ಕಡಿಮೆ, ಹಾಗಾಗಿ ಅಲ್ಲಿ ಮಸಿಯ ಪಾಲು ಇನ್ನೂ ಹೆಚ್ಚು.

ತಾಮ್ರಕ್ಕೆ ಬೇರೆ ಗುಣಗಳಿವೆ. ಕಾವನ್ನು ಪಕ್ಕಕ್ಕೆ ಸಮನಾಗಿ ಹರಡುತ್ತದೆ, ಒಂದೇ ಜಾಗ ಕೆಂಪಗೆ ಕಾಯಲು ಬಿಡುವುದಿಲ್ಲ. ಬಾಳಿಕೆಗಾಗಿ ತಾಮ್ರ ಕೊಳ್ಳುವುದಾದರೆ ಕೊಳ್ಳಿ, ಬೇಗ ಕಾಯಲಿ ಎಂದಾದರೆ ಬೇಡ.

ಹೊಗೆ ಕೊಳವೆಯ ಬಿಸಿ ಹೇಳುವ ಸುದ್ದಿ

ರೋಗ ಯಾವ ಕಡೆ ಎಂದು ತಿಳಿಯಲು ಇದರಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಬೆಂಕಿ ಹತ್ತಿ ಅರ್ಧ ಗಂಟೆ ಆದ ಮೇಲೆ, ಬಾಯ್ಲರಿನಿಂದ ಒಂದು ಅಡಿ ಮೇಲೆ ಹೊಗೆ ಕೊಳವೆಯ ಹೊರಮೈಯ ಬಿಸಿ ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವುದಾದರೆ ಹೊಳೆಯುವ ಸ್ಟೀಲ್ ಮೇಲೆ ಹಿಡಿಯಬೇಡಿ. ಹೊಳಪಿನ ಲೋಹ ತನ್ನ ಕಾವನ್ನು ಬಹಳ ಕಡಿಮೆ ಹೊರಸೂಸುತ್ತದೆ, ಸುತ್ತಲಿನದನ್ನು ಪ್ರತಿಫಲಿಸುತ್ತದೆ, ಆದ್ದರಿಂದ 200 ಇದ್ದದ್ದು 60 ಎಂದೂ ಕಾಣಬಹುದು. ಅಂಗೈಯಗಲ ಜಾಗಕ್ಕೆ ಶಾಖ ತಡೆಯುವ ಕಪ್ಪು ಬಣ್ಣ ಬಳಿದು ಅದರ ಮೇಲೆ ಹಿಡಿಯಿರಿ. ನೀರಿನ ಪೈಪಿನಂಥ ಕಡಿಮೆ ಬಿಸಿಯ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿದರೆ ಆಯಿತು.

ಯಂತ್ರ ಇಲ್ಲದಿದ್ದರೆ ಬೆರಳ ತುದಿಯಿಂದ ನೀರಿನ ಹನಿ ಚಿಮುಕಿಸಿ. ಸದ್ದಿಲ್ಲದೆ ಹರಡಿ ನಿಧಾನ ಒಣಗಿದರೆ 100ಕ್ಕಿಂತ ಕಡಿಮೆ. ಚುರ್ ಎಂದು ಒಮ್ಮೆಲೇ ಆರಿದರೆ 100ರಿಂದ 150ರ ಸುತ್ತ. ಮುತ್ತಾಗಿ ಉರುಳಾಡಿ ಪುಟಿದರೆ 200 ಮೀರಿದೆ. ಒಳಗಿನ ಹೊಗೆ ಹೊರಮೈಗಿಂತ ಬಹಳ ಹೆಚ್ಚು ಬಿಸಿ ಇರುತ್ತದೆ ಎಂಬುದು ನೆನಪಿರಲಿ.

ಕೊಳವೆ ತುಂಬ ಬಿಸಿ, ನೀರು ಮಾತ್ರ ನಿಧಾನ ಎಂದಾದರೆ ಶಾಖ ಹುಟ್ಟುತ್ತಿದೆ, ನೀರಿಗೆ ದಾಟುತ್ತಿಲ್ಲ. ಮಸಿ, ಒಳಗಿನ ಕೆಸರು, ಅಥವಾ ಎಳೆತ (ಹೊಗೆಯನ್ನು ಕೊಳವೆ ಮೇಲಕ್ಕೆ ಸೆಳೆಯುವ ಬಲ) ಅತಿಯಾಗಿ ಜ್ವಾಲೆಯೇ ಕೊಳವೆಗೆ ನುಗ್ಗುತ್ತಿರುವುದು ಇವುಗಳಲ್ಲೊಂದು. ಕೊಳವೆ ತಣ್ಣಗೆ, ನೀರೂ ನಿಧಾನ ಎಂದಾದರೆ ಶಾಖವೇ ಹುಟ್ಟುತ್ತಿಲ್ಲ: ಹಸಿ ಸೌದೆ, ಕಟ್ಟಿದ ಜಾಲರಿ, ಎಳೆತ ಇಲ್ಲದ ಕೊಳವೆ. ಕೊಳವೆ ಹದ, 60 ಮುಟ್ಟುವ ಸಮಯವೂ ಹದ, ಆದರೂ ನಲ್ಲಿಯಲ್ಲಿ ಬಿಸಿ ಇಲ್ಲ ಎಂದಾದರೆ ಒಲೆಯ ಕಡೆ ನೋಡಲೇಬೇಡಿ, ಪೈಪಿನ ಕಡೆ ಹೋಗಿ.

ಸೌದೆ

ಮಳೆಗಾಲದ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಇದು. ಶೇ. 40 ತೇವವಿರುವ ಒಂದು ಕಿಲೋ ಸೌದೆಯಲ್ಲಿ ಉರಿಯುವ ಪದಾರ್ಥ 600 ಗ್ರಾಂ ಮಾತ್ರ. ಉಳಿದ 400 ಗ್ರಾಂ ನೀರನ್ನು ಆವಿ ಮಾಡಲು ಸುಮಾರು 1 ಮೆಗಾಜೂಲ್ ಹೋಗುತ್ತದೆ. 14 ಸಿಗಬೇಕಾದಲ್ಲಿ 10 ಸಿಗುತ್ತದೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಜ್ವಾಲೆಯ ಉಷ್ಣತೆ ಇಳಿಯುತ್ತದೆ, ಸೌದೆಯಿಂದ ಹೊರಟ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ, ಆ ಹೊಗೆ ತಣ್ಣಗಿನ ಕೊಳವೆಯಲ್ಲಿ ಟಾರಿನಂತೆ ಅಂಟಿ ಮುಂದಿನ ವಾರದ ದೋಷಕ್ಕೆ ತಳ ಹಾಕುತ್ತದೆ.

ಪರೀಕ್ಷೆಗೆ ಒಂದು ತುಂಡು ಸೀಳಿ, ಸೀಳಿದ ಒಳಮೈಯಿಂದ 200 ಗ್ರಾಂನಷ್ಟು ಚೂರು ತೆಗೆದು ತೂಗಿ. ಒಲೆಯ ಪಕ್ಕ ಸುಡದಂತೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 200 ಗ್ರಾಂ 160ಕ್ಕೆ ಇಳಿದರೆ ತೇವ ಶೇ. 20, 120ಕ್ಕೆ ಇಳಿದರೆ ಶೇ. 40. ಮುಳ್ಳು ಚುಚ್ಚುವ ತೇವಮಾಪಕ ಇದ್ದರೆ ಅದನ್ನೂ ಹೊಸದಾಗಿ ಸೀಳಿದ ಮೈಗೇ ಚುಚ್ಚಬೇಕು, ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಯ್ಯೆಂದರೆ ಪರೀಕ್ಷೆಯೇ ಬೇಡ, ಅದು ಹಸಿ.

ತೋಟದಲ್ಲಿ ನೆರಳು ತೆಗೆಯುವಾಗ ಮಳೆಗೆ ಮುಂಚೆ ಕಡಿದ ಸಿಲ್ವರ್ ಓಕ್ ಕೊಂಬೆಯನ್ನು ಅದೇ ಮಳೆಗಾಲಕ್ಕೆ ಉರಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಈ ಮಳೆಗಾಲದ ಸೌದೆ ಜನವರಿ–ಫೆಬ್ರವರಿಯೊಳಗೆ ಕಡಿದು ಸೀಳಿ ಆಗಿರಬೇಕು. ತೊಗಟೆಯೊಳಗಿಂದ ತೇವ ಹೊರಬರುವುದು ನಿಧಾನ, ಸೀಳಿದ ಮೈಯಿಂದ ಬೇಗ. ಮೇಲೆ ಶೀಟ್, ಪಕ್ಕ ತೆರೆದಿರುವ ಕೊಟ್ಟಿಗೆಯಲ್ಲಿ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಅಡ್ಡೆ ಹಾಕಿ ಒಟ್ಟಿರಿ. ನಾಲ್ಕೂ ಕಡೆ ಟಾರ್ಪಾಲು ಸುತ್ತಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಹಳೆಯ ಕಾಫಿ ಗಿಡದ ಕಟ್ಟಿಗೆ ಗಟ್ಟಿ, ಕೆಂಡ ನಿಲ್ಲುತ್ತದೆ. ಹಾಲವಾಣ ಹಗುರ, ಭಗ್ಗೆಂದು ಉರಿದು ಮುಗಿಯುತ್ತದೆ, ಬೆಂಕಿ ಹೊತ್ತಿಸಲು ಮಾತ್ರ ಇಟ್ಟುಕೊಳ್ಳಿ.

ಎಳೆತ

ಹೊಗೆ ಮೇಲೆ ಹೋಗುವುದು ಅದು ಹೊರಗಿನ ಗಾಳಿಗಿಂತ ಹಗುರ ಎಂಬ ಒಂದೇ ಕಾರಣಕ್ಕೆ. 3 ಮೀಟರ್ ಕೊಳವೆ, ಒಳಗೆ ಸರಾಸರಿ 150 ಡಿಗ್ರಿ, ಹೊರಗೆ 20 ಇದ್ದರೆ ಸಿಗುವ ಎಳೆತ ಸುಮಾರು 9 ಪಾಸ್ಕಲ್. 1 ಮಿ.ಮೀ. ಎತ್ತರದ ನೀರು ಒತ್ತುವಷ್ಟೂ ಬಲ ಅಲ್ಲ. ಕೊಳವೆ ಒದ್ದೆಯಾಗಿ ಒಳಗಿನ ಹೊಗೆ 60 ಡಿಗ್ರಿಗೆ ಇಳಿದರೆ ಅದು 4 ಪಾಸ್ಕಲಿನ ಹತ್ತಿರ ಬರುತ್ತದೆ. ಇಷ್ಟು ಸಣ್ಣ ಬಲಕ್ಕೆ ಒಂದು ಹಕ್ಕಿಗೂಡು, ಒಂದು ಹೆಚ್ಚುವರಿ ಬೆಂಡು, ಅರ್ಧ ಇಂಚು ಟಾರು ಸಾಕು.

ಒಲೆಯ ಬಾಗಿಲಿನ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಬೇಕು. ನೇರ ಮೇಲೇರಿದರೆ ಅಥವಾ ಮುಖಕ್ಕೆ ಬಂದರೆ ಎಳೆತ ಇಲ್ಲ. ಆಗ ಕೊಳವೆಯ ಬುಡದಲ್ಲಿ ಒಂದು ಹಾಳೆ ಪೇಪರ್ ಉರಿಸಿ ನೋಡಿ. ಅದರಿಂದ ಎಳೆತ ಶುರುವಾಗಿ ನಿಂತರೆ ಕೊಳವೆ ತಣ್ಣಗಿತ್ತಷ್ಟೇ. ಶುರುವೇ ಆಗದಿದ್ದರೆ ಅಡಚಣೆ ಇದೆ, ಬುಡದ ಕಿಂಡಿಯಲ್ಲಿ ಕನ್ನಡಿ ಹಿಡಿದು ಮೇಲೆ ಬೆಳಕು ಕಾಣುತ್ತದೆಯೇ ನೋಡಿ.

ಕೊಳವೆಯ ತುದಿ ಮಾಡಿನ ಕೋಡಿಗಿಂತ (ಅತಿ ಎತ್ತರದ ಅಂಚಿಗಿಂತ) 60 ಸೆಂ.ಮೀ. ಆದರೂ ಮೇಲಿರಬೇಕು. ಕೋಡಿಗಿಂತ ಕೆಳಗೆ ನಿಂತರೆ ಗುಡ್ಡದ ಕಡೆಯಿಂದ ಬೀಸುವ ಗಾಳಿ ಮಾಡಿನ ಮೇಲಿಂದ ಉರುಳಿ ಹೊಗೆಯನ್ನು ಕೆಳಕ್ಕೆ ಒತ್ತುತ್ತದೆ. ಗಾಳಿ ಇದ್ದ ದಿನ ಮಾತ್ರ ಹೊಗೆ ತುಂಬುತ್ತದೆ ಎಂಬ ದೂರಿಗೆ ಬಹುತೇಕ ಇದೇ ಕಾರಣ. ತುದಿಗೆ ಟೋಪಿ ಇರಲೇಬೇಕು. ಬಾಯ್ಲರಿನ ಹೊರದಾರಿ 4 ಇಂಚಾಗಿದ್ದರೆ 3 ಇಂಚಿನ ಕೊಳವೆ ಜೋಡಿಸಬಾರದು, ಹಾದಿಯ ವಿಸ್ತೀರ್ಣ ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಉಳಿಯುತ್ತದೆ. ಗೋಡೆ ದಾಟಿಸಲು ಅಡ್ಡ ಮಲಗಿಸಿದ ತುಂಡೇ ಮೊದಲು ಕಟ್ಟುವುದು, ಅಲ್ಲಿ 45 ಡಿಗ್ರಿಯ ಎರಡು ಬೆಂಡು ಹಾಕಿ ಓರೆಯಾಗಿ ಒಯ್ಯಿರಿ.

ಬೂದಿ ತುಂಬಿ ಜಾಲರಿಯ ಕೆಳಗಿನ ಗಾಳಿ ನಿಂತಿರುವುದನ್ನೂ ಎಳೆತದ ದೋಷವೆಂದು ತಿಳಿಯುವವರಿದ್ದಾರೆ. ಬೂದಿ ತಟ್ಟೆ ದಿನವೂ ಖಾಲಿಯಾಗಬೇಕು.

ಮಸಿ, ಕೆಸರು, ಕಿಟ್ಟ

ಮಸಿಯಲ್ಲಿ ಎರಡು ಬಗೆ. ಮೆತ್ತಗೆ ಪುಡಿಯಾಗಿರುವುದು ಬ್ರಷ್‌ಗೆ ಬರುತ್ತದೆ. ನಡುಕೊಳವೆಯ ಒಳವ್ಯಾಸಕ್ಕೆ ಸರಿಹೊಂದುವ ತಂತಿ ಬ್ರಷ್ಷನ್ನು ಉದ್ದ ಸರಳಿಗೆ ಬಿಗಿದು ಮೇಲಿನಿಂದ ಕೆಳಗೆ ಹತ್ತು ಹದಿನೈದು ಸಲ ಎಳೆಯಿರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇದು ಆಗಬೇಕು. ಹೊಳಪಾಗಿ ಗಟ್ಟಿಯಾಗಿ ಅಂಟಿದ ಟಾರು ಬ್ರಷ್‌ಗೆ ಬಗ್ಗುವುದಿಲ್ಲ. ಅದನ್ನು ತಣ್ಣಗಿರುವಾಗ ಉಳಿಯಂಥ ಚಪ್ಪಟೆ ಕಬ್ಬಿಣದಿಂದ ಕೆರೆದೇ ತೆಗೆಯಬೇಕು. ಒಳಗೆ ಬೆಂಕಿ ಹಚ್ಚಿ ಸುಟ್ಟು ತೆಗೆಯುವ ಪದ್ಧತಿ ಕೆಲವು ಕಡೆ ಇದೆ, ಖಂಡಿತ ಬೇಡ. ಕೊಳವೆಯೊಳಗಿನ ಟಾರು ಹೊತ್ತಿಕೊಂಡರೆ ತಗಡು ಕೆಂಪಗಾಗಿ ಮಾಡಿನ ಮರಕ್ಕೆ ಬೆಂಕಿ ಹತ್ತಬಹುದು. ಹಂಡೆಯ ತಳಕ್ಕೆ ತೆಳುವಾದ ಕಪ್ಪು ಇರಲಿ, ಕಪ್ಪು ಮೈ ಜ್ವಾಲೆಯ ಕಾವನ್ನು ಚೆನ್ನಾಗಿ ಹೀರುತ್ತದೆ. ಉಗುರಿನಿಂದ ಗೀರಿದರೆ ಪದರವಾಗಿ ಏಳುವಷ್ಟು ಇರಬಾರದು.

ಒಳಗಡೆ ಕೊಡಗಿಗೆ ತಕ್ಕ ದೋಷವೆಂದರೆ ಕೆಸರು. ತೊರೆಯಿಂದಲೋ ಕೆರೆಯಿಂದಲೋ ನೇರ ಪೈಪ್ ಎಳೆದ ಮನೆಗಳಲ್ಲಿ ಮೊದಲ ಜೋರು ಮಳೆಗೇ ಕೆಂಪು ನೀರು ಟ್ಯಾಂಕಿಗೆ ಬಂದು, ಅಲ್ಲಿಂದ ಬಾಯ್ಲರಿಗೆ ಇಳಿದು, ತಳದಲ್ಲಿ, ಅಂದರೆ ಬೆಂಕಿಗೆ ನೇರ ಮೇಲೆ, ಮಣ್ಣು ಕೂರುತ್ತದೆ. ಕೆಸರಿನೊಳಗೆ ನೀರು ಓಡಾಡದು. ಓಡಾಟ ನಿಂತರೆ ಶಾಖ ಕೇವಲ ವಹನದಿಂದ ಸಾಗಬೇಕು, ಆ ದಾರಿ ಬಹಳ ನಿಧಾನ. ತಳದ ಡ್ರೈನ್ ವಾಲ್ವ್ ತೆರೆದು ಮೊದಲ ಬಕೆಟ್ ನೋಡಿ. ಕೆಂಪಾಗಿ ದಪ್ಪಗೆ ಬಂದರೆ ತಣ್ಣೀರು ಬಿಟ್ಟುಕೊಂಡು ತಿಳಿಯಾಗುವವರೆಗೆ ಹರಿಸಿ. ಬಾಯ್ಲರ್ ಬಿಸಿಯಿರುವಾಗ ಇದನ್ನು ಮಾಡಬಾರದು. ಡ್ರೈನ್ ಇಲ್ಲದ ಬಾಯ್ಲರ್ ಕೊಳ್ಳಲೇಬೇಡಿ.

ಕೊಳವೆಬಾವಿಯ ಗಡಸು ನೀರಾದರೆ ಬಿಳಿ ಕಿಟ್ಟ ಕಟ್ಟುತ್ತದೆ. ಕಾಯುವಾಗ ಒಳಗೆ ಪಟಪಟ, ಗುಡುಗುಡು ಸದ್ದು ಬಂದರೆ ಅನುಮಾನಿಸಿ. ಅದರಿಂದ ಕಾಯುವ ವೇಗಕ್ಕೆ ಆಗುವ ಪೆಟ್ಟು ಮಸಿಯಷ್ಟು ಅಲ್ಲ, ಲೋಹಕ್ಕೆ ಆಗುವ ಪೆಟ್ಟು ದೊಡ್ಡದು. ಜ್ವಾಲೆ ನೇರ ಬೀಳುವ ಜಾಗದಲ್ಲಿ 3 ಮಿ.ಮೀ. ಕಿಟ್ಟದ ಎರಡು ಬದಿಯ ನಡುವೆ 60 ಡಿಗ್ರಿಯಷ್ಟು ವ್ಯತ್ಯಾಸ ಆಗಬಹುದು, ಅಂದರೆ ನೀರಿಗಿಂತ ತಗಡು ಅಷ್ಟು ಹೆಚ್ಚು ಬಿಸಿ. ದಿನವೂ ಹಿಗ್ಗಿ ಕುಗ್ಗಿ ಬೆಸುಗೆ ಬಿಡುತ್ತದೆ. ತಳ ಮುಚ್ಚುವಂತೆ 20 ಲೀಟರ್ ನೀರಿಗೆ 1 ಕಿಲೋ ನಿಂಬೆ ಉಪ್ಪು ಕರಗಿಸಿ, ಸಣ್ಣ ಉರಿಯಲ್ಲಿ 50 ಡಿಗ್ರಿಗೆ ತಂದು ಬೆಂಕಿ ತೆಗೆದು, ಮೂರು ನಾಲ್ಕು ಗಂಟೆ ಬಿಟ್ಟು, ಎರಡು ಮೂರು ಸಲ ತೊಳೆಯಿರಿ.

ಕಾದ ನೀರು ನಲ್ಲಿಗೆ ಬಾರದಿದ್ದರೆ

ಬಿಸಿನೀರು ಮೇಲೆ, ತಣ್ಣೀರು ಕೆಳಗೆ ನಿಲ್ಲುತ್ತದೆ. ಬಾಯ್ಲರ್ ಕೆಲಸ ಮಾಡುವುದೇ ಈ ಪದರದ ನೆಚ್ಚಿಗೆಯಲ್ಲಿ: ತಣ್ಣೀರು ತಳಕ್ಕೆ ಬರಬೇಕು, ಬಿಸಿನೀರು ತಲೆಯಿಂದ ಹೊರಡಬೇಕು. ಬೆಂಕಿ ಆರಿದ ಮೇಲೆ 100 ಲೀಟರ್ ಬಾಯ್ಲರಿನಿಂದ ಬಕೆಟ್ ಬಕೆಟ್ ಹಿಡಿದು ಪ್ರತಿಯೊಂದರ ಉಷ್ಣತೆ ಬರೆಯಿರಿ. 60–70 ಲೀಟರ್‌ವರೆಗೆ ಹೆಚ್ಚು ಇಳಿಯದೆ, ಆಮೇಲೆ ಬೇಗ ಇಳಿದರೆ ಸರಿ. ಎರಡನೇ ಬಕೆಟ್‌ನಿಂದಲೇ ಇಳಿಯತೊಡಗಿದರೆ ತಣ್ಣೀರು ಮೇಲೇ ಬೆರೆಯುತ್ತಿದೆ. ತಲೆಯಿಂದ ತಳಕ್ಕೆ ಇಳಿಯುವ ಒಳಪೈಪ್ ತುಕ್ಕು ಹಿಡಿದು ಮುರಿದಿರಬಹುದು, ಅಥವಾ ಪ್ಲಂಬರ್ ಎರಡು ಪೈಪನ್ನು ಅದಲುಬದಲು ಜೋಡಿಸಿರಬಹುದು.

ಬಕೆಟ್ ಪರೀಕ್ಷೆಯಲ್ಲಿ ಮೊದಲಿನಿಂದಲೇ ಉಗುರು ಬೆಚ್ಚಗಿದ್ದು, ಬಾಯ್ಲರಿನ ಮೈಯಲ್ಲಿ ಮಾತ್ರ ಚೆನ್ನಾಗಿ ಬಿಸಿ ಇದ್ದರೆ ತಣ್ಣೀರು ಅಡ್ಡದಾರಿಯಲ್ಲಿ ನುಗ್ಗುತ್ತಿದೆ. ಬಾಯ್ಲರಿನ ತಣ್ಣೀರು ವಾಲ್ವ್ ಮುಚ್ಚಿ, ಬಿಸಿನೀರು ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಹರಿದರೆ ಯಾವುದೋ ಬಚ್ಚಲಿನ ಮಿಕ್ಸರ್ ಎರಡೂ ಸಾಲನ್ನು ಕೂಡಿಸಿಬಿಟ್ಟಿದೆ. ಒಂದೊಂದೇ ಮಿಕ್ಸರಿನ ಕೆಳಗಿನ ಆಂಗಲ್ ಕಾಕ್ ಮುಚ್ಚುತ್ತ ಹೋಗಿ, ಯಾವುದನ್ನು ಮುಚ್ಚಿದಾಗ ನಿಂತಿತೋ ಅದರ ಕಾರ್ಟ್ರಿಜ್ (ಒಳಗೆ ನೀರು ತೆರೆದು ಮುಚ್ಚುವ ಭಾಗ) ಹೋಗಿದೆ. ಪರೀಕ್ಷೆ ಮುಗಿದ ಕೂಡಲೇ ಬಾಯ್ಲರಿನ ವಾಲ್ವ್ ತೆರೆಯಲು ಮರೆಯಬಾರದು.

ದೂರದ ಕೋಣೆಗೆ ಹೋಗುವ ಪೈಪಿನ ಲೆಕ್ಕವೂ ಇದೆ. ಅರ್ಧ ಇಂಚಿನ 15 ಮೀಟರ್ ಜಿ.ಐ. ಪೈಪ್ ಸುಮಾರು 3 ಲೀಟರ್ ತಣ್ಣೀರು ಹಿಡಿದಿರುತ್ತದೆ, ಜೊತೆಗೆ 18 ಕಿಲೋ ಕಬ್ಬಿಣ ಕಾಯಲು ಇನ್ನೂ 2 ಲೀಟರ್ ನೀರಿನಷ್ಟು ಶಾಖ ನುಂಗುತ್ತದೆ. ಮಳೆಗೆ ತೆರೆದಿದ್ದರೆ ನೀರು ಹರಿಯುತ್ತಿರುವಾಗಲೂ ತಣಿಯುತ್ತದೆ. 13 ಮಿ.ಮೀ. ನೈಟ್ರೈಲ್ ಫೋಮ್ ತೊಡಿಸಿ, ಜೋಡಣೆಗಳನ್ನು ಅಂಟಿಸಿ, ಮೇಲೆ ಮಳೆ ತಡೆಯುವ ಹೊದಿಕೆ ಹಾಕಿ. ಬಾಯ್ಲರಿನಿಂದ ಮೊದಲ ಒಂದು ಮೀಟರ್ ಲೋಹದ ಪೈಪೇ ಇರಲಿ. ಮುಂದೆ ಸಿ.ಪಿ.ವಿ.ಸಿ. ಆಗುತ್ತದೆ, ಬಿಳಿ ಪಿ.ವಿ.ಸಿ. ಬಿಸಿಗೆ ಮೆತ್ತಗಾಗಿ ಬಾಗುತ್ತದೆ.

ರಾತ್ರಿ ಕಳೆಯುವುದರೊಳಗೆ ತಣ್ಣಗಾದರೆ

ಹೊದಿಕೆ ಇಲ್ಲದ 100 ಲೀಟರ್ ಬಾಯ್ಲರ್, 60 ಡಿಗ್ರಿ ನೀರು, ಸುತ್ತ 20 ಡಿಗ್ರಿ ಗಾಳಿ: ಸುಮಾರು 500 ವ್ಯಾಟ್ ಸೋರುತ್ತದೆ, ಮೊದಲ ಗಂಟೆಯಲ್ಲೇ 4 ಡಿಗ್ರಿ ಮೀರಿ ಇಳಿಯುತ್ತದೆ. 50 ಮಿ.ಮೀ. ಒಣ ಗಾಜುಉಣ್ಣೆ ಸುತ್ತಿದರೆ ಅದೇ ಮೈಯಿಂದ 40 ವ್ಯಾಟ್‌ಗೂ ಕಡಿಮೆ. ಇಲ್ಲಿ ಶಾಖ ತಡೆಯುವುದು ಗಾಜು ಅಲ್ಲ, ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಗಾಳಿಯ ವಾಹಕತೆ 0.025, ನೀರಿನದು 0.6. ಹೊರಜಾಕೆಟ್ಟಿನ ಜೋಡಣೆಯಿಂದ ಮಳೆ ನೀರು ಒಳಗಿಳಿದರೆ ಹೊದಿಕೆ ಇದ್ದೂ ಇಲ್ಲದಂತೆ. ಜಾಕೆಟ್ಟಿನ ಮೈಯನ್ನು ಮೇಲಿಂದ ಕೆಳಗೆ ಅಂಗೈಯಲ್ಲಿ ಮುಟ್ಟುತ್ತ ಬನ್ನಿ, ಒಂದು ಜಾಗ ಮಾತ್ರ ಬೆಚ್ಚಗಿದ್ದರೆ ಅಲ್ಲಿ ಉಣ್ಣೆ ಒದ್ದೆ ಅಥವಾ ಜಾರಿದೆ. ಕೆಳಗಿನ ಒಂದು ರಿವೆಟ್ ತೆಗೆದಾಗ ನೀರು ತೊಟ್ಟಿಕ್ಕಿದರೆ ಉಣ್ಣೆಯನ್ನೇ ಬದಲಿಸಬೇಕು.

ಹೊದಿಕೆ ಸರಿ ಇದ್ದೂ ಬೆಳಿಗ್ಗೆಗೆ ತಣ್ಣಗಾದರೆ ನಡುಕೊಳವೆಯನ್ನು ಹಿಡಿಯಿರಿ. ಬೆಂಕಿ ಆರಿದ ಮೇಲೂ ಬಿಸಿನೀರಿನ ನಡುವಿನ ಆ ಕೊಳವೆ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ, ರಾತ್ರಿಯಿಡೀ ತಣ್ಣಗಾಳಿ ನೀರಿನ ಶಾಖ ಹೊತ್ತು ಮಾಡಿನಾಚೆ ಹೋಗುತ್ತದೆ. ಒಲೆಯ ಬಾಗಿಲು, ಬೂದಿ ಬಾಗಿಲು ಎರಡನ್ನೂ ಮುಚ್ಚಬೇಕು. ಆದರೆ ಕೆಂಡ ಪೂರ್ತಿ ಆರುವವರೆಗೆ ಹೊಗೆ ಕೊಳವೆಯ ಡ್ಯಾಂಪರ್ (ಹೊಗೆಯ ದಾರಿ ಮುಚ್ಚುವ ತಟ್ಟೆ) ಮುಚ್ಚಬೇಡಿ. ಆರುತ್ತಿರುವ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಜೀವ ತೆಗೆಯುತ್ತದೆ. ಒಲೆಯ ಬಾಯಿ ಬಚ್ಚಲು ಮನೆಯೊಳಗೇ ಇರುವ ಹಂಡೆಯಾದರೆ ಎಷ್ಟೇ ಚಳಿಯಿದ್ದರೂ ಕಿಟಕಿ ಮುಚ್ಚಿ ಸ್ನಾನ ಮಾಡಬಾರದು. ಮಲಗುವ ಕೋಣೆಗೆ ಗಾಳಿ ಬೆರೆಯುವಲ್ಲಿ ಇಂಥ ಒಲೆ ಇರಲೇಬಾರದು.

ಒತ್ತಡದ ಮಾತನ್ನೂ ಇಲ್ಲೇ ಹೇಳಬೇಕು. ಈ ಬಾಯ್ಲರುಗಳು ಒತ್ತಡ ತಡೆಯಲು ಮಾಡಿದವಲ್ಲ. ವೆಂಟ್ ಪೈಪಿಗೆ (ಆವಿ ಹೊರಹೋಗಲು ಮೇಲೆ ತೆರೆದಿಟ್ಟ ಪೈಪಿಗೆ) ವಾಲ್ವ್ ಇರಬಾರದು, ಪ್ರೆಷರ್ ಪಂಪಿನ ಸಾಲಿಗೆ ಜೋಡಿಸಬಾರದು. ವೆಂಟಿನಿಂದ ಬಿಸಿನೀರು ಉಕ್ಕುತ್ತಿದ್ದರೆ ಅದನ್ನು ಕಟ್ಟುವ ಬದಲು ಎತ್ತರಿಸಿ: 80 ಡಿಗ್ರಿಯ ನೀರು ಹಗುರವಾದ್ದರಿಂದ 3 ಮೀಟರಿಗೆ 8 ಸೆಂ.ಮೀ.ನಷ್ಟು ಮೇಲೆ ನಿಲ್ಲುತ್ತದೆ, ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲಿದ್ದರೆ ಧಾರಾಳ. ನೀರಿಲ್ಲದೆ ಕಾದ ಬಾಯ್ಲರಿಗೆ ತಕ್ಷಣ ತಣ್ಣೀರು ಬಿಡಬೇಡಿ, ಬೆಂಕಿ ಎಳೆದು ಮೈ ಮುಟ್ಟುವಷ್ಟು ತಣಿಯಲು ಬಿಡಿ.

ಒಲೆಯೊಳಗೆ ನೀರು ತೊಟ್ಟಿಕ್ಕಿದರೆ ಅದು ತೂತೇ?

ಬೆಂಕಿ ಹಚ್ಚಿದ ಸ್ವಲ್ಪ ಹೊತ್ತಿಗೆ ಕೆಂಡದ ಮೇಲೆ ಚುರ್ ಚುರ್ ಎಂದು ನೀರು ಬೀಳುವುದನ್ನು ನೋಡಿ ಬಾಯ್ಲರ್ ತೂತಾಯಿತು ಎಂದು ವೆಲ್ಡಿಂಗ್‌ಗೆ ಹೊತ್ತವರು ಬಹಳ. ಸೌದೆ ಉರಿದಾಗ ಹುಟ್ಟುವ ಆವಿ, ಹಸಿ ಸೌದೆಯಾದರೆ ಇನ್ನೂ ಹೆಚ್ಚು, 18 ಡಿಗ್ರಿಯ ತಣ್ಣನೆ ತಗಡಿಗೆ ತಾಗಿ ನೀರಾಗಿ ಇಳಿಯುತ್ತದೆ. ಒಳಗಿನ ನೀರು 50 ಡಿಗ್ರಿ ದಾಟುವ ಹೊತ್ತಿಗೆ ಅದು ತಾನಾಗಿ ನಿಲ್ಲುತ್ತದೆ. ಕಂದು ಬಣ್ಣ, ಹೊಗೆ ಹುಳಿ ವಾಸನೆ ಇದ್ದರೆ ಅದು ಆವಿಯದೇ. ಹುಳಿಯಾದ್ದರಿಂದ ಕಬ್ಬಿಣದ ಜಾಲರಿ, ಬೆಸುಗೆಗಳನ್ನು ತಿನ್ನುತ್ತದೆ, ಒಣ ಸೌದೆ ಹಾಕುವುದೇ ಅದಕ್ಕೆ ಮದ್ದು.

ನಿಜವಾದ ತೂತು ಗುರುತಿಸಲು ಬೂದಿ ಪೂರ್ತಿ ತೆಗೆದು, ಒಲೆ ಒರೆಸಿ, ಒಣ ದಿನಪತ್ರಿಕೆ ಹಾಸಿ, ಬಾಯ್ಲರ್ ತುಂಬಿಸಿ, ಬೆಂಕಿಯಿಲ್ಲದೆ 12 ಗಂಟೆ ಬಿಡಿ. ಕೊಳವೆಯಿಂದ ಮಳೆ ನೀರು ಇಳಿಯದಂತೆ ತುದಿ ಮುಚ್ಚಿರಿ. ಪತ್ರಿಕೆ ಒಣಗಿಯೇ ಇದ್ದರೆ ತೂತಿಲ್ಲ. ಒದ್ದೆ ಚುಕ್ಕೆ ಕಂಡರೆ ಅದರ ನೇರ ಮೇಲಿನ ಬೆಸುಗೆಯನ್ನು ಟಾರ್ಚ್ ಹಿಡಿದು ನೋಡಿ. ಸ್ಟೇನ್‌ಲೆಸ್‌ಗೆ 308ಎಲ್ ಕಡ್ಡಿಯ ಟಿಗ್ ಬೆಸುಗೆ, ತಾಮ್ರಕ್ಕೆ ಬ್ರೇಜಿಂಗ್ ಮಾಡಿಸಿ. ಬೆಂಕಿ ತಗಲುವ ಕಡೆ ಎಂ-ಸೀಲ್ ನಿಲ್ಲುವುದಿಲ್ಲ. ಬೆಸುಗೆಯ ನಂತರ ಪತ್ರಿಕೆ ಪರೀಕ್ಷೆಯನ್ನು ಮತ್ತೆ ಮಾಡಿ, ಅದು ಒಣಗಿ ಬಂದರೆ ಮೊದಲ ಸಲ ಸಣ್ಣ ಉರಿಯಲ್ಲಿ 60ರವರೆಗೆ ಕಾಯಿಸಿ, ತಣಿದ ಮೇಲೆ ಬೆಸುಗೆಯನ್ನು ಇನ್ನೊಮ್ಮೆ ನೋಡಿ.